ಲೋಯಿಸ್‌ಳನ್ನು ಯಾರೂ ಕೇಳಲಿಲ್ಲ

ನನ್ನ ತಂಗಿಯ ಮಗ ಈ ವರ್ಷ ಪಿಯುಸಿಗೆ ಸೇರಿದ್ದಾನೆ. ರಜೆಯಲ್ಲಿ ಅವನು ನಮ್ಮ ಮನೆಗೆ ಬಂದರೆ, ರಾತ್ರಿ ಊಟ ಮುಗಿಸಿ ಇಬ್ಬರೂ ಕೂತು ಸಿನಿಮಾ ನೋಡುವುದು ವಾಡಿಕೆ. ಅವನಿಗೆ ಸೂಪರ್‌ಹೀರೊ ಚಿತ್ರಗಳೆಂದರೆ ಪ್ರಾಣ. ಆದರೆ ಅವನದೊಂದು ಅಭ್ಯಾಸವಿದೆ. ತೆರೆಯ ಮೇಲೆ ನಾಯಕನೂ ನಾಯಕಿಯೂ ಮಳೆಯಲ್ಲೋ ಮಹಡಿಯ ಮೇಲೋ ಎದುರಾಬದುರಾಗಿ ನಿಂತು ದನಿ ತಗ್ಗಿಸಿದರೆ ಸಾಕು, ರಿಮೋಟ್ ಅವನ ಕೈಗೆ ಬರುತ್ತದೆ. ಆ ದೃಶ್ಯ ಸರಸರನೆ ಮುಂದಕ್ಕೆ ಓಡುತ್ತದೆ. ಯಾಕಪ್ಪಾ ಎಂದು ಒಮ್ಮೆ ಕೇಳಿದೆ. "ದೊಡ್ಡಮ್ಮ, ಇಷ್ಟು ಗಟ್ಟಿ ಆಸಾಮಿಗೆ ಈ ಲವ್ ಎಲ್ಲ ಯಾಕೆ ಬೇಕು ಹೇಳಿ? ಇದು ಬಂದ್ಮೇಲೆ ಅವನು ಮೆತ್ತಗಾಗಿಬಿಡ್ತಾನೆ" ಅಂದ.

ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಬಗೆಯ ಚಿತ್ರಗಳನ್ನು ಪ್ರೀತಿಸುವ ಬಹಳ ಮಂದಿ ಇದನ್ನೇ ಹೇಳುತ್ತಾರೆ. ಗುಂಡು ತಾಗಿದರೂ ಗೀರು ಬೀಳದ ಮೈ, ಊರನ್ನೇ ಎತ್ತಿ ಹಿಡಿಯುವ ತೋಳು, ಇಷ್ಟೆಲ್ಲ ಇರುವವನು ಒಬ್ಬಳ ಮುಂದೆ ತಡವರಿಸುತ್ತ ನಿಂತರೆ ಅವನ ತೂಕ ಇಳಿಯುತ್ತದೆ ಎಂಬುದು ಅವರ ಅಳಲು. ಅಂದಿನಿಂದ ನಾನು ಹಳೆಯ ಚಿತ್ರಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ನೋಡುತ್ತ ಹೋದಂತೆ, ಹುಡುಗ ಹೇಳಿದ ನೋವು ನಿಜ, ಆದರೆ ಅವನು ಬೆರಳಿಟ್ಟು ತೋರಿಸಿದ ಜಾಗ ಬೇರೆ ಎನ್ನಿಸಿತು. ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಅದನ್ನೇ.

ಮೊದಲು ಸೂಪರ್‌ಮ್ಯಾನ್‌ನಿಂದಲೇ ಶುರುಮಾಡೋಣ. 1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ಚಿತ್ರ. ಸೂಪರ್‌ಮ್ಯಾನ್ ಆಗಿ ಕ್ರಿಸ್ಟೊಫರ್ ರೀವ್, ಪತ್ರಕರ್ತೆ ಲೋಯಿಸ್ ಲೇನ್ ಆಗಿ ಮಾರ್ಗೊ ಕಿಡರ್. ಕತೆಯ ಕೊನೆಯಲ್ಲಿ ಖಳನಾಯಕ ಲೆಕ್ಸ್ ಲೂಥರ್ ಎರಡು ಕ್ಷಿಪಣಿಗಳನ್ನು ಹಾರಿಸುತ್ತಾನೆ. ಒಂದು ನ್ಯೂಜೆರ್ಸಿಯ ಕಡೆಗೆ, ಇನ್ನೊಂದು ಕ್ಯಾಲಿಫೋರ್ನಿಯಾದ ಕಡೆಗೆ. ಅಪಾಯದಿಂದ ಪಾರುಮಾಡುವ ಮೊದಲು ಲೂಥರ್‌ನ ಜೊತೆಗಾತಿ ಸೂಪರ್‌ಮ್ಯಾನ್‌ನಿಂದ ಒಂದು ಮಾತು ತೆಗೆದುಕೊಂಡಿರುತ್ತಾಳೆ. ಅವಳ ತಾಯಿ ಇರುವ ನ್ಯೂಜೆರ್ಸಿಯ ಕ್ಷಿಪಣಿಯನ್ನೇ ಮೊದಲು ತಡೆಯಬೇಕು. ಅವನು ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭೂಮಿ ಬಿರಿದು, ಲೋಯಿಸ್ ಕಾರಿನೊಳಗೆ ಮಣ್ಣಿನಡಿ ಸಿಕ್ಕಿ ಸಾಯುತ್ತಾಳೆ. ಕಾರನ್ನು ಎಳೆದು ತೆಗೆದು, ಅವಳನ್ನು ನೆಲದ ಮೇಲೆ ಮಲಗಿಸಿ, ಅವನು ಆಕಾಶಕ್ಕೆ ಮುಖವೆತ್ತಿ ಕೂಗುವ ಕೂಗು ಇದೆಯಲ್ಲ, ಇಡೀ ಚಿತ್ರದಲ್ಲಿ ಅವನು ನಮ್ಮವನು ಎನಿಸುವುದು ಆ ಗಳಿಗೆಯಲ್ಲಿ. ಅದುವರೆಗೆ ಅವನು ಮಾಡಿದ್ದೆಲ್ಲ ಬೆರಗು. ಹೆಲಿಕಾಪ್ಟರ್ ಹಿಡಿದದ್ದು, ಕಳ್ಳರನ್ನು ಹಿಡಿದದ್ದು, ಎಲ್ಲವೂ ಅವನಿಗೆ ಸಲೀಸು. ಸಲೀಸಾಗಿ ಮಾಡಿದ ಕೆಲಸಕ್ಕೆ ನಾವು ಚಪ್ಪಾಳೆ ಹೊಡೆಯುತ್ತೇವೆಯೇ ಹೊರತು ಉಸಿರು ಬಿಗಿಹಿಡಿಯುವುದಿಲ್ಲ.

ಆಮೇಲೆ ಅವನು ಮಾನವರ ಇತಿಹಾಸದಲ್ಲಿ ಕೈಹಾಕಬೇಡ ಎಂಬ ತಂದೆಯ ಆಣತಿಯನ್ನು ಮೀರಿ, ಭೂಮಿಯ ಸುತ್ತ ಹಾರಿ, ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಲೋಯಿಸ್ ಬದುಕುತ್ತಾಳೆ. ಆದರೆ ಏನಾಯಿತೆಂದು ಅವಳಿಗೆ ಗೊತ್ತೇ ಇಲ್ಲ. ಸತ್ತದ್ದೂ ತಿಳಿಯದು, ತನಗಾಗಿ ಒಬ್ಬ ಲೋಕದ ನಿಯಮ ಮುರಿದದ್ದೂ ತಿಳಿಯದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಎರಡನೆಯ ಚಿತ್ರ 1980ರದು. ನನ್ನ ತಂಗಿಯ ಮಗನ ದೂರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಲೋಯಿಸ್‌ಳ ಜೊತೆ ಬಾಳಬೇಕಾದರೆ ಸೂಪರ್‌ಮ್ಯಾನ್ ತನ್ನ ಶಕ್ತಿಯನ್ನೆಲ್ಲ ಬಿಟ್ಟುಕೊಡಬೇಕು ಎಂಬ ನಿಯಮ. ಅವನು ಬಿಟ್ಟುಕೊಡುತ್ತಾನೆ. ಹಿಂತಿರುಗುವ ದಾರಿಯಲ್ಲಿ ಒಂದು ಸಾದಾ ಹೋಟೆಲಿಗೆ ಹೋಗುತ್ತಾರೆ. ಅಲ್ಲಿ ಒಬ್ಬ ಪುಂಡ ಲಾರಿ ಡ್ರೈವರ್ ಅವನನ್ನು ಹೊಡೆದು ಕೆಡಹುತ್ತಾನೆ. ಸೂಪರ್‌ಮ್ಯಾನ್ ಬಾಯಿ ಒರೆಸಿಕೊಂಡು ಕೈ ನೋಡಿಕೊಳ್ಳುತ್ತಾನೆ. ರಕ್ತ. ತನ್ನ ರಕ್ತವನ್ನು ತಾನು ಮೊದಲ ಬಾರಿ ನೋಡಿದವನ ಮುಖವನ್ನು ರೀವ್ ಅಲ್ಲಿ ಎಷ್ಟು ಚೆನ್ನಾಗಿ ತೋರಿಸಿದ್ದಾರೆಂದರೆ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರೇಮ ಬಂತು, ಮೆತ್ತಗಾದ. ಇಷ್ಟೇ ನೋಡಿದರೆ ಹುಡುಗನ ಮಾತು ಸರಿ. ಆದರೆ ಆ ದೃಶ್ಯವನ್ನು ತೆಗೆದುಹಾಕಿ ಚಿತ್ರವನ್ನು ಊಹಿಸಿಕೊಳ್ಳಿ. ಆಮೇಲೆ ಹಿಮದಲ್ಲಿ ಒಬ್ಬನೇ ನಡೆಯುತ್ತ ಅವನು ಶಕ್ತಿಯನ್ನು ಹುಡುಕಿಕೊಂಡು ವಾಪಸು ಹೋಗುವ ಆ ನಡಿಗೆಗೆ ಏನು ಬೆಲೆ ಉಳಿಯುತ್ತದೆ? ಹುಟ್ಟಿನಿಂದ ಬಂದ ಶಕ್ತಿಯನ್ನು ಹೊತ್ತು ತಿರುಗುವುದು ಒಂದು. ಅದು ಇಲ್ಲದ ಸುಖ ಏನೆಂದು ತಿಳಿದ ಮೇಲೂ ಜನರಿಗಾಗಿ ಅದನ್ನು ಮತ್ತೆ ಹೆಗಲಿಗೇರಿಸಿಕೊಳ್ಳುವುದು ಇನ್ನೊಂದು. ಎರಡನೆಯದೇ ನನಗೆ ವೀರತನ.

ಹಾಗಾದರೆ ಆ ಚಿತ್ರ ನನ್ನನ್ನು ಎಲ್ಲಿ ನೋಯಿಸಿತು? ಕೊನೆಯಲ್ಲಿ. ತನ್ನ ಕಚೇರಿಯ ಕ್ಲಾರ್ಕ್ ಕೆಂಟನೇ ಸೂಪರ್‌ಮ್ಯಾನ್ ಎಂದು ಲೋಯಿಸ್‌ಗೆ ಗೊತ್ತಾಗಿದೆ. ಆ ಗುಟ್ಟನ್ನು ಹೊತ್ತುಕೊಂಡು, ದಿನವೂ ಒಂದೇ ಕಚೇರಿಯಲ್ಲಿ ಅವನ ಮುಖ ನೋಡುತ್ತ ಇರುವುದು ಅವಳಿಗೆ ಕಷ್ಟ. ಅಳುತ್ತಾಳೆ. ಆಗ ಅವನು ಅವಳಿಗೆ ಒಂದು ಮುತ್ತು ಕೊಡುತ್ತಾನೆ, ಅದರಿಂದ ಅವಳ ನೆನಪೆಲ್ಲ ಅಳಿಸಿಹೋಗುತ್ತದೆ. ಚಿತ್ರ ಅದನ್ನು ಕರುಣೆಯೆಂಬಂತೆ ತೋರಿಸುತ್ತದೆ. ನನಗೆ ಅದು ಕರುಣೆಯಾಗಿ ಕಾಣಲಿಲ್ಲ. ಅವಳ ದುಃಖ ಅವಳದು, ಅವಳ ನೆನಪೂ ಅವಳದು. ಇಟ್ಟುಕೊಳ್ಳುತ್ತೀಯಾ, ಬಿಡುತ್ತೀಯಾ ಎಂದು ಒಂದು ಮಾತು ಕೇಳಬಹುದಿತ್ತು. ಮೊದಲ ಚಿತ್ರದಲ್ಲೂ ಕೇಳಲಿಲ್ಲ, ಎರಡನೆಯದರಲ್ಲೂ ಕೇಳಲಿಲ್ಲ. ನಾಯಕ ಸಣ್ಣವನಾಗುವುದು ಪ್ರೀತಿಸಿದಾಗಲ್ಲ ಎಂದು ನನಗೆ ಮೊದಲು ಹೊಳೆದದ್ದು ಇಲ್ಲಿ. ಪ್ರೀತಿಸಿದವಳ ಪರವಾಗಿ ತೀರ್ಮಾನವನ್ನೂ ತಾನೇ ಮಾಡಿಬಿಟ್ಟಾಗ ಅವನು ಸಣ್ಣವನಾಗುತ್ತಾನೆ.

ಈ ಅಳತೆಗೋಲು ಹಿಡಿದು ಸ್ಪೈಡರ್‌ಮ್ಯಾನ್ ಚಿತ್ರಗಳಿಗೆ ಬನ್ನಿ. ಸ್ಯಾಮ್ ರೈಮಿ ನಿರ್ದೇಶನದ ಮೊದಲ ಚಿತ್ರ 2002ರಲ್ಲಿ ಬಂತು. ಮಳೆಯಲ್ಲಿ ತಲೆಕೆಳಗಾಗಿ ತೂಗುವ ನಾಯಕನಿಗೆ ಮೇರಿ ಜೇನ್ ಮುತ್ತಿಡುವ ದೃಶ್ಯ ಸಿನಿಮಾ ನೋಡದವರಿಗೂ ಗೊತ್ತು. ಆದರೆ ಆ ಚಿತ್ರದ ನಿಜವಾದ ಪ್ರೇಮದೃಶ್ಯ ಸ್ಮಶಾನದಲ್ಲಿದೆ. ಮೇರಿ ಜೇನ್ ತಾನಾಗಿ ಬಂದು ನಾಯಕ ಪೀಟರ್‌ಗೆ ತನ್ನ ಮನಸ್ಸು ಹೇಳುತ್ತಾಳೆ. ಬಾಲ್ಯದಿಂದ ಅವಳಿಗಾಗಿಯೇ ಹಂಬಲಿಸಿದ ಹುಡುಗ, ತಾನು ಸ್ನೇಹಿತನಾಗಿ ಮಾತ್ರ ಇರಬಲ್ಲೆ ಎಂದು ಹೇಳಿ ತಿರುಗಿ ನಡೆದುಬಿಡುತ್ತಾನೆ. ತನ್ನ ಹತ್ತಿರ ಇದ್ದರೆ ಅವಳ ಪ್ರಾಣಕ್ಕೆ ಅಪಾಯ ಎಂಬ ಕಾರಣ ಅವನ ಮನಸ್ಸಿನಲ್ಲಿ. ಆ ಕಾರಣವನ್ನು ಅವನು ಅವಳಿಗೆ ಹೇಳುವುದೇ ಇಲ್ಲ.

2004ರ ಎರಡನೆಯ ಚಿತ್ರವನ್ನು ನಾನು ಈ ಜಾತಿಯ ಚಿತ್ರಗಳಲ್ಲೇ ಮೇಲಿನ ಸಾಲಿನಲ್ಲಿಡುತ್ತೇನೆ. ಯಾಕೆಂದರೆ ಅದು ಈ ಮೌನದ ಬೆಲೆಯನ್ನು ಲೆಕ್ಕಹಾಕುತ್ತದೆ. ಪೀಟರ್ ಬಾಡಿಗೆ ಕಟ್ಟಲಾರ, ಪಿಜ್ಜಾ ತಲುಪಿಸುವ ಕೆಲಸ ಉಳಿಸಿಕೊಳ್ಳಲಾರ, ಮೇರಿ ಜೇನ್ ನಟಿಸುವ ನಾಟಕಕ್ಕೆ ಹೊತ್ತಿಗೆ ಸರಿಯಾಗಿ ತಲುಪಲಾರ. ಅವಳು ಒಬ್ಬ ಗಗನಯಾತ್ರಿಯನ್ನು ಮದುವೆಯಾಗಲು ಒಪ್ಪುತ್ತಾಳೆ. ಇತ್ತ ಇವನ ಕೈಯಿಂದ ಬಲೆ ಬರುವುದು ನಿಲ್ಲುತ್ತದೆ, ಗೋಡೆ ಹತ್ತಿದವನು ಜಾರಿ ಬೀಳುತ್ತಾನೆ, ಕಣ್ಣು ಮಂಜಾಗುತ್ತದೆ. ಮೈಯಲ್ಲಿ ಕಾಯಿಲೆಯಿಲ್ಲ, ಮನಸ್ಸಿನಲ್ಲಿದೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಅವನ ಶಕ್ತಿ ಕುಂದಿದ್ದು ಪ್ರೇಮ ಹತ್ತಿರ ಬಂದಾಗ ಅಲ್ಲ, ಅದನ್ನು ಅದುಮಿಟ್ಟುಕೊಂಡು ತಿರುಗಿದಾಗ. ಓಡುವ ರೈಲನ್ನು ಎರಡೂ ಕೈಯಿಂದ ಬಲೆ ಬೀಸಿ ನಿಲ್ಲಿಸುವ ಪ್ರಸಿದ್ಧ ದೃಶ್ಯ ಬರುವುದೂ ಇದೇ ಚಿತ್ರದಲ್ಲಿ, ಮೇರಿ ಜೇನ್‌ಳನ್ನು ಖಳ ಡಾಕ್ಟರ್ ಆಕ್ಟೋಪಸ್ ಹೊತ್ತೊಯ್ದು, ಪೀಟರ್ ಮತ್ತೆ ಮುಖವಾಡ ತೊಟ್ಟ ಮೇಲೆ. ಬಟ್ಟೆ ಹರಿದು, ಮುಖವಾಡ ಕಳಚಿ, ಪ್ರಜ್ಞೆ ತಪ್ಪಿದವನನ್ನು ರೈಲಿನ ಜನ ತಲೆಯ ಮೇಲೆ ಕೈಯಿಂದ ಕೈಗೆ ದಾಟಿಸಿ ಒಳಗೆ ಮಲಗಿಸುತ್ತಾರೆ. ಅವನ ಹುಡುಗುಮುಖ ನೋಡಿ ಬೆರಗಾಗುತ್ತಾರೆ. ಮುಖವಾಡವನ್ನು ಒಂದು ಮಗು ವಾಪಸು ಕೊಡುತ್ತದೆ. ಗಟ್ಟಿತನ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ದೃಶ್ಯವನ್ನು ತೋರಿಸುತ್ತೇನೆ.

ಇದರ ಕೊನೆ ಇನ್ನೂ ದೊಡ್ಡದು. ಪೀಟರ್ ಮತ್ತೆ ಹಳೆಯದೇ ರಾಗ ಹಾಡುತ್ತಾನೆ, ನನ್ನ ಹತ್ತಿರ ಬಂದರೆ ನಿನಗೆ ಅಪಾಯ ಎಂದು. ಮೇರಿ ಜೇನ್ ಒಪ್ಪುವುದಿಲ್ಲ. ಮದುವೆಯ ಸಡಗರದ ನಡುವಿನಿಂದ, ಮದುವಣಗಿತ್ತಿಯ ಬಟ್ಟೆಯಲ್ಲೇ ಬೀದಿಯುದ್ದ ಓಡಿ, ಅವನ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅಪಾಯ ಏನೆಂದು ತನಗೂ ತಿಳಿದಿದೆ, ಅದನ್ನು ಹೊರುವುದೋ ಬೇಡವೋ ಎಂಬುದನ್ನು ತಾನೇ ನಿರ್ಧರಿಸುತ್ತೇನೆ ಎಂಬುದು ಅವಳ ಮಾತಿನ ಸಾರ. ಆಮೇಲೆ ಬೀದಿಯಲ್ಲಿ ಸೈರನ್ ಕೂಗುತ್ತದೆ. ಹೋಗು ಎಂದು ಅವಳೇ ಕಳಿಸುತ್ತಾಳೆ. ಕಟ್ಟಡಗಳ ನಡುವೆ ಅವನು ಬಲೆ ಬೀಸಿ ಹಾರುವ ಸಂಭ್ರಮದ ಮೇಲೆ ಚಿತ್ರ ಮುಗಿಯುವುದಿಲ್ಲ. ಕಿಟಕಿಯಲ್ಲಿ ನಿಂತ ಅವಳ ಮುಖದ ಮೇಲೆ, ಅಲ್ಲಿ ನಿಧಾನಕ್ಕೆ ಕವಿಯುವ ಆತಂಕದ ಮೇಲೆ ಮುಗಿಯುತ್ತದೆ. ನಿರ್ಧಾರ ಮಾಡಿದವಳಿಗೆ ಅದರ ಭಾರವೂ ಗೊತ್ತಿದೆ ಎಂದು ನಿರ್ದೇಶಕ ಒಂದೂ ಮಾತಿಲ್ಲದೆ ಹೇಳಿದ್ದಾನೆ.

ಇನ್ನು ಆ ಹುಡುಗನ ಪರವಾಗಿಯೂ ನಾನು ನಾಲ್ಕು ಮಾತು ಆಡಬೇಕು. ಪ್ರೇಮವನ್ನು ಅಂಟಿಸಿದ ಚಿತ್ರಗಳು ಬೇಕಾದಷ್ಟಿವೆ. 2016ರ ಕ್ಯಾಪ್ಟನ್ ಅಮೆರಿಕ ಚಿತ್ರ ನೆನಪು ಮಾಡಿಕೊಳ್ಳಿ. ಸ್ಟೀವ್ ರೋಜರ್ಸ್ ತಾನು ಯುದ್ಧಕಾಲದಲ್ಲಿ ಪ್ರೀತಿಸಿದ ಪೆಗ್ಗಿ ಕಾರ್ಟರ್‌ಳ ಶವಪೆಟ್ಟಿಗೆಗೆ ಹೆಗಲು ಕೊಡುತ್ತಾನೆ. ಅದೇ ಚಿತ್ರದಲ್ಲಿ, ಸ್ವಲ್ಪ ಹೊತ್ತಿಗೆ, ಪೆಗ್ಗಿಯ ಸಂಬಂಧಿ ಶ್ಯಾರನ್‌ಗೆ ಮುತ್ತು ಕೊಡುತ್ತಾನೆ. ಪಕ್ಕದ ಪುಟ್ಟ ಕಾರಿನಲ್ಲಿ ಕೂತ ಇಬ್ಬರು ಗೆಳೆಯರು ಅದನ್ನು ನೋಡುತ್ತಿರುತ್ತಾರೆ. ಆ ಮುತ್ತಿಗೆ ಹಿಂದೆ ಬೇರಿಲ್ಲ, ಮುಂದೆ ಫಲವಿಲ್ಲ. 2015ರ ಅವೆಂಜರ್ಸ್ ಚಿತ್ರದಲ್ಲಿ ಹಲ್ಕ್‌ನಿಗೂ ಬ್ಲ್ಯಾಕ್ ವಿಡೋಗೂ ಒಮ್ಮೆಗೇ ಒಲವು ಮೂಡಿದ್ದೂ ಹೀಗೆಯೇ. ಮುಂದಿನ ಚಿತ್ರಗಳು ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟವು. ಇಂಥ ಕಡೆ ರಿಮೋಟ್ ಒತ್ತುವವನನ್ನು ನಾನು ಬೈಯುವುದಿಲ್ಲ.

ಅಂಟಿಸಿದ್ದಕ್ಕೂ ಬೇರುಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ಒಂದೇ ಪಾತ್ರದಲ್ಲಿ ಕಾಣಬೇಕೆಂದರೆ ಥಾರ್‌ನ ಜೇನ್ ಫಾಸ್ಟರ್ ಇದ್ದಾಳೆ. ಅವಳು ವಿಜ್ಞಾನಿ. ಆದರೆ 2013ರ ಚಿತ್ರದಲ್ಲಿ ಒಂದು ದುಷ್ಟಶಕ್ತಿ ಅವಳ ಮೈಹೊಕ್ಕು, ಅವಳು ಅತ್ತಿಂದಿತ್ತ ಸಾಗಿಸಬೇಕಾದ ಒಂದು ಸಾಮಾನಿನಂತಾಗುತ್ತಾಳೆ. ಅವಳ ಜೊತೆ ಥಾರ್ ಕೂಡ ಮಂಕಾಗಿ ಕಾಣುತ್ತಾನೆ. 2022ರ ಚಿತ್ರದಲ್ಲಿ ಅದೇ ಜೇನ್‌ಗೆ ಕ್ಯಾನ್ಸರ್. ಥಾರ್‌ನ ಸುತ್ತಿಗೆ ಹಿಡಿದರೆ ಅವಳಿಗೆ ದೇವತೆಯ ಬಲ ಬರುತ್ತದೆ, ಆದರೆ ಹಿಡಿದಷ್ಟೂ ಕಾಯಿಲೆ ಏರುತ್ತದೆ. ಮತ್ತೆ ಹಿಡಿಯಬೇಡ ಎಂದು ಥಾರ್ ಬೇಡಿಕೊಳ್ಳುತ್ತಾನೆ. ಅವಳು ಕೊನೆಗೆ ತಾನಾಗಿ ಹಿಡಿಯುತ್ತಾಳೆ. ಚಿತ್ರದ ಉಳಿದ ಹಾಸ್ಯ ನನಗೆ ಅಷ್ಟಾಗಿ ರುಚಿಸಲಿಲ್ಲ, ಆದರೆ ಆ ನಿರ್ಧಾರ ರುಚಿಸಿತು. ಗುಡುಗಿನ ದೇವರು ಅಲ್ಲಿ ಅವಳ ಪಕ್ಕ ಅಸಹಾಯನಾಗಿ ಕೂರುತ್ತಾನೆ. ಹಾಗೆ ಕೂತದ್ದರಿಂದ ಅವನ ಗಾಂಭೀರ್ಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಇನ್ನೊಂದು ಕೆಟ್ಟ ಚಾಳಿಯ ಬಗ್ಗೆ ಹೇಳಲೇಬೇಕು. ನಾಯಕನಿಗೆ ಸಿಟ್ಟು ಬರಿಸಲು ಪ್ರೇಯಸಿಯನ್ನು ಕೊಲ್ಲುವುದು. 1994ರಲ್ಲಿ ಗ್ರೀನ್ ಲ್ಯಾಂಟರ್ನ್ ಕಾಮಿಕ್ಸ್‌ನ ಒಂದು ಸಂಚಿಕೆಯಲ್ಲಿ ನಾಯಕ ಮನೆಗೆ ಬಂದಾಗ ಅವನ ಗೆಳತಿಯನ್ನು ಕೊಂದು ಫ್ರಿಜ್‌ನಲ್ಲಿ ತುರುಕಿಟ್ಟಿರುತ್ತಾರೆ. ಇದನ್ನು ಓದಿ ರೋಸಿದ ಗೇಲ್ ಸಿಮೋನ್ ಎಂಬ ಓದುಗಾರ್ತಿ 1999ರಲ್ಲಿ, ನಾಯಕರ ಕತೆ ಮುಂದಕ್ಕೆ ಸಾಗಲೆಂದು ಕೊಲೆಯಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ಹೆಣ್ಣುಪಾತ್ರಗಳ ದೊಡ್ಡ ಪಟ್ಟಿಯನ್ನೇ ಮಾಡಿದರು. ಆ ಪಟ್ಟಿಗೆ 'ಫ್ರಿಜ್‌ನಲ್ಲಿರುವ ಹೆಂಗಸರು' ಎಂದೇ ಹೆಸರಾಯಿತು. ಮುಂದೆ ಸಿಮೋನ್ ತಾವೇ ಕಾಮಿಕ್ಸ್ ಬರೆಯತೊಡಗಿ ವಂಡರ್ ವುಮನ್ ಕತೆಗಳನ್ನೂ ಬರೆದರು. ಇವರು ಎತ್ತಿದ ಪ್ರಶ್ನೆ ನಮ್ಮ ಹುಡುಗನ ಪ್ರಶ್ನೆಗೆ ಹತ್ತಿರದ್ದು, ಆದರೆ ಇನ್ನೊಂದು ಬದಿಯಿಂದ ಕೇಳಿದ್ದು. ಪ್ರೇಮದ ಉಪಕತೆಯಿಂದ ನಾಯಕನಿಗೆ ಏನಾಗುತ್ತದೆ ಎಂದು ಹುಡುಗ ಕೇಳಿದ. ನಾಯಕಿಗೆ ಏನಾಗುತ್ತದೆ ಎಂದು ಸಿಮೋನ್ ಕೇಳಿದರು. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ ಎಂದು ನನ್ನ ನಂಬಿಕೆ.

ಸಾವು ಬಂದ ಮಾತ್ರಕ್ಕೆ ಚಿತ್ರವನ್ನು ತಳ್ಳಿಹಾಕಲಾಗದು. 2008ರ 'ದಿ ಡಾರ್ಕ್ ನೈಟ್' ಇದೆಯಲ್ಲ. ರೇಚಲ್ ಡಾಸ್ ವಕೀಲೆ. ಬ್ಯಾಟ್‌ಮ್ಯಾನ್ ಆಗಿರುವ ಬ್ರೂಸ್ ವೇಯ್ನ್‌ಗೂ ಸರ್ಕಾರಿ ವಕೀಲ ಹಾರ್ವಿ ಡೆಂಟ್‌ಗೂ ನಡುವೆ ಯಾರನ್ನು ಮದುವೆಯಾಗಬೇಕು ಎಂಬುದನ್ನು ಅವಳು ಯೋಚಿಸಿ ನಿರ್ಧರಿಸುತ್ತಾಳೆ. ಹಾರ್ವಿಯನ್ನು ಆರಿಸುತ್ತಾಳೆ. ಹಾಗೆಂದು ಬ್ರೂಸ್‌ಗೆ ಪತ್ರ ಬರೆದು ಮನೆಯ ಹಿರಿಯ ಸೇವಕ ಆಲ್ಫ್ರೆಡ್‌ನ ಕೈಗೆ ಕೊಡುತ್ತಾಳೆ. ಅಷ್ಟರಲ್ಲಿ ಖಳ ಜೋಕರ್ ರೇಚಲ್, ಹಾರ್ವಿ ಇಬ್ಬರನ್ನೂ ಬೇರೆ ಬೇರೆ ಕಡೆ ಕಟ್ಟಿಹಾಕಿ, ವಿಳಾಸಗಳನ್ನು ಅದಲುಬದಲು ಮಾಡಿ ಹೇಳುತ್ತಾನೆ. ರೇಚಲ್‌ಳನ್ನು ಉಳಿಸಲು ಓಡಿದ ಬ್ಯಾಟ್‌ಮ್ಯಾನ್ ಹಾರ್ವಿಯ ಎದುರು ನಿಲ್ಲುತ್ತಾನೆ. ಅವಳು ಸಾಯುತ್ತಾಳೆ. ಅವಳು ತನಗಾಗಿ ಕಾಯುತ್ತಿದ್ದಳು ಎಂದು ನಂಬಿ ಬ್ರೂಸ್ ಶೋಕಿಸುವುದನ್ನು ನೋಡಲಾರದೆ ಆಲ್ಫ್ರೆಡ್ ಆ ಪತ್ರವನ್ನು ಸುಟ್ಟುಹಾಕುತ್ತಾನೆ.

ಆಲ್ಫ್ರೆಡ್ ಮಾಡಿದ್ದು ಮಮತೆಯಿಂದ. ಆದರೆ ಅದರ ಫಲ ನೋಡಿ. ಮುಂದಿನ ಚಿತ್ರ 2012ರದು. ಎಂಟು ವರ್ಷ ಕಳೆದಿದೆ. ಬ್ರೂಸ್ ಕೋಲೂರಿಕೊಂಡು ಬಂಗಲೆಯೊಳಗೆ ಬಾಗಿಲು ಮುಚ್ಚಿ ಕೂತಿದ್ದಾನೆ, ನಡೆಯದೇ ಇದ್ದ ಒಂದು ಬಾಳನ್ನು ನೆನೆಯುತ್ತ. ಗೋಥಮ್ ನಗರದ ಅತಿ ಗಟ್ಟಿ ಮನುಷ್ಯನನ್ನು ಕೆಡವಿದ್ದು ಪ್ರೇಮವೆಂದು ಹೇಳುವವರಿದ್ದಾರೆ. ನಾನು ಹೇಳುವುದು, ಅವಳ ನಿರ್ಧಾರವನ್ನು ಅವನಿಂದ ಮುಚ್ಚಿಟ್ಟದ್ದು ಅವನನ್ನು ಕೆಡವಿತು. ಆಲ್ಫ್ರೆಡ್ ಕೊನೆಗೆ ನಿಜ ಹೇಳಿದ ಮೇಲೆಯೇ ಬ್ರೂಸ್ ಆ ನೆನಪಿನ ಹಿಡಿತದಿಂದ ಬಿಡಿಸಿಕೊಳ್ಳಲು ಸಾಧ್ಯವಾಗುವುದು.

2014ರ ಸ್ಪೈಡರ್‌ಮ್ಯಾನ್ ಚಿತ್ರದ ಗ್ವೆನ್ ಸ್ಟೇಸಿ ಕೂಡ ಸಾಯುತ್ತಾಳೆ. ಕಾಮಿಕ್ಸ್‌ನಲ್ಲಿ ಅವಳು ಸತ್ತದ್ದು 1973ರಲ್ಲಿ, ಸೇತುವೆಯಿಂದ ಬಿದ್ದು. ಅಲ್ಲಿ ಅವಳನ್ನು ಖಳ ಹೊತ್ತೊಯ್ದಿರುತ್ತಾನೆ, ಅವಳಿಗೆ ಮಾಡಲು ಏನೂ ಇಲ್ಲ. ಚಿತ್ರದಲ್ಲಿ ಹಾಗಲ್ಲ. ಪೀಟರ್ ಅವಳ ಕೈಯನ್ನು ಬಲೆಯಿಂದ ಕಾರಿಗೆ ಅಂಟಿಸಿ, ಬರಬೇಡ ಎಂದು ಬಿಟ್ಟುಹೋಗುತ್ತಾನೆ. ಅವಳು ಬಿಡಿಸಿಕೊಂಡು ಬರುತ್ತಾಳೆ. ವಿದ್ಯುತ್ ಜಾಲದ ಕೆಲಸ ಅವಳಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಅವಳಿಲ್ಲದೆ ಖಳ ಎಲೆಕ್ಟ್ರೊ ಸೋಲುತ್ತಿರಲಿಲ್ಲ. ಆಮೇಲೆ ಗಡಿಯಾರ ಗೋಪುರದಲ್ಲಿ ಅವಳು ಬೀಳುವಾಗ, ಅವನು ಬೀಸಿದ ಬಲೆ ಕೈಬೆರಳುಗಳಂತೆ ಚಾಚಿಕೊಂಡು ಅವಳನ್ನು ತಲುಪುತ್ತದೆ, ಆದರೆ ಒಂದು ಕ್ಷಣ ತಡವಾಗಿ. ನೋಡಿದವರ ಎದೆ ಒಡೆಯುವುದು ಅವಳು ಸತ್ತದ್ದಕ್ಕೆ ಮಾತ್ರವಲ್ಲ, ತಾನಾಗಿ ಬಂದು ಸತ್ತದ್ದಕ್ಕೆ. ಆ ಚಿತ್ರದಲ್ಲಿ ದೋಷಗಳು ಬಹಳ, ಖಳರು ಹೆಚ್ಚಾದರು, ಕತೆ ಚದುರಿತು. ಚದುರದೆ ಉಳಿದದ್ದು ಈ ಪ್ರೇಮ ಒಂದೇ.

ಈಗ ಸ್ವಲ್ಪ ನಮ್ಮ ಕಡೆಗೆ. ಶೌರ್ಯಕ್ಕೂ ಒಲವಿಗೂ ಆಗಿಬರುವುದಿಲ್ಲ ಎಂಬ ಮಾತನ್ನು ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ಒಂಬತ್ತನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ರಸಗಳ ನಡುವಿನ ಹೊಂದಾಣಿಕೆ, ವಿರೋಧಗಳನ್ನು ವಿಚಾರಮಾಡಿದವನು. ವೀರ, ಶೃಂಗಾರಗಳನ್ನು ಅವನು ಹೊಂದಿಕೊಳ್ಳುವ ರಸಗಳ ಸಾಲಿನಲ್ಲಿಟ್ಟ. ಅವನು ವಿಧಿಸಿದ ಷರತ್ತು ಬೇರೆ. ಕೃತಿಯಲ್ಲಿ ಒಂದು ರಸ ಅಂಗಿ, ಅಂದರೆ ಪ್ರಧಾನ, ಆಗಿರಬೇಕು, ಉಳಿದವು ಅದಕ್ಕೆ ಅಂಗವಾಗಿ ಬರಬೇಕು. ಹಾಲಿವುಡ್‌ನ ಅಂಟಿಸಿದ ಮುತ್ತುಗಳು ಸೋಲುವುದು ಈ ಷರತ್ತಿನಲ್ಲಿ. ಅವು ಯಾವುದಕ್ಕೂ ಅಂಗವಾಗಿರುವುದಿಲ್ಲ.

ಇನ್ನು ನಮ್ಮ ಭೀಮನನ್ನು ನೋಡಿ. ಮಹಾಭಾರತದಲ್ಲಿ ಅವನಿಗಿಂತ ಗಟ್ಟಿ ಆಳು ಯಾರು? ಗಾಳಿಯಲ್ಲಿ ತೇಲಿಬಂದ ಒಂದು ಹೂವನ್ನು ನೋಡಿ ದ್ರೌಪದಿ ಇಂಥದು ಇನ್ನೂ ಬೇಕು ಎಂದಳೆಂದು ಸೌಗಂಧಿಕಾ ಪುಷ್ಪಕ್ಕಾಗಿ ಕಾಡು ಬೆಟ್ಟ ಹತ್ತಿ ಹೊರಟವನು ಅವನು. ಅದಕ್ಕೆ ಯಾರೂ ಅವನನ್ನು ಮೆತ್ತಗಿನವನೆಂದು ಆಡಿಕೊಳ್ಳಲಿಲ್ಲ. ಕೀಚಕನ ಕಾಟ ತಾಳಲಾರದೆ ದ್ರೌಪದಿ ಯಾರ ಬಳಿ ಹೋಗಲಿ ಎಂದು ಐವರನ್ನೂ ಮನಸ್ಸಿನಲ್ಲೇ ತೂಗಿ, ನಡುರಾತ್ರಿ ವಿರಾಟನ ಅಡುಗೆಮನೆಗೆ, ವಲಲನಾಗಿ ಮಲಗಿದ್ದ ಭೀಮನ ಬಳಿಗೆ ಹೋಗುವ ಭಾಗವನ್ನು ಕುಮಾರವ್ಯಾಸನಲ್ಲಿ ಓದಿ. ಗಮಕಿಗಳು ಹಾಡುವಾಗ ಕೇಳಿ. ಅಲ್ಲಿ ಆಯ್ಕೆ ಅವಳದು, ಬಲ ಅವನದು. ಅವಳು ಆರಿಸಿದ್ದರಿಂದಲೇ ಅವನ ಬಲಕ್ಕೆ ಅಷ್ಟು ಬೆಲೆ.

ನಮ್ಮ ಇತ್ತೀಚಿನ ಚಿತ್ರಗಳನ್ನೂ ಇದೇ ಅಳತೆಗೆ ಹಿಡಿಯಬಹುದು. ಇವು ಸೂಪರ್‌ಹೀರೊ ಚಿತ್ರಗಳಲ್ಲ, ಆದರೂ ನಾಯಕರು ಗಟ್ಟಿಗರೇ. 'ಕೆಜಿಎಫ್' ಚಿತ್ರಗಳ ರಾಕಿಯನ್ನು ನಡೆಸುವುದು ತಾಯಿಗೆ ಕೊಟ್ಟ ಮಾತು. ಅದು ಅವನ ಮೈಯಲ್ಲಿ ಎಲುಬಿನಂತೆ ಕೂತಿದೆ. ರೀನಾಳ ಪ್ರೇಮ ಹಾಗೆ ಕೂರಲಿಲ್ಲ. ಅವಳು ಎಲ್ಲಿರಬೇಕೆಂದು ಬಹುಪಾಲು ಅವನೇ ನಿರ್ಧರಿಸುತ್ತಾನೆ. 2022ರ ಎರಡನೆಯ ಭಾಗದಲ್ಲಿ ಅವಳು ತಾಯಿಯಾಗುವ ಸುದ್ದಿ ಹೇಳಿದ ಹೊತ್ತಿಗೇ ಗುಂಡಿಗೆ ಬಲಿಯಾಗುತ್ತಾಳೆ. ಅದೇ ವರ್ಷದ 'ಕಾಂತಾರ'ದ ಲೀಲಾ ಅರಣ್ಯ ಇಲಾಖೆಯಲ್ಲಿ ಗಾರ್ಡ್. ಕಾಡಿಗೆ ಬೇಲಿ ಹಾಕುವ ಕೆಲಸದಲ್ಲಿ ತನ್ನೂರಿನವರ ಎದುರೇ ಅವಳು ಸಮವಸ್ತ್ರ ತೊಟ್ಟು ನಿಲ್ಲಬೇಕಾಗುತ್ತದೆ. ನಾಯಕ ಶಿವನಿಗೂ ಅವಳಿಗೂ ನಡುವೆ ಬಂದ ಜಗಳಕ್ಕೆ ಒಂದು ಇಡೀ ಊರಿನ ಕಾರಣವಿದೆ. ಆ ಪಾತ್ರಕ್ಕೆ ಇನ್ನಷ್ಟು ಜಾಗ ಕೊಡಬಹುದಿತ್ತು ಎಂದು ನನಗನ್ನಿಸಿದರೂ, ಅವಳಿಗೆ ಅವಳದೇ ಒಂದು ಕೆಲಸವಿತ್ತಲ್ಲ, ಅದು ಪ್ರೇಮಕ್ಕೆ ಮಣ್ಣಿನ ವಾಸನೆ ಕೊಟ್ಟಿತು.

ನೆರೆಯ ಮಲಯಾಳಂನಿಂದ 2021ರಲ್ಲಿ 'ಮಿನ್ನಲ್ ಮುರಳಿ' ಬಂತು, ಕನ್ನಡಕ್ಕೂ ಡಬ್ ಆಯಿತು. ಸಣ್ಣ ಊರು, ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು ಇಬ್ಬರಿಗೂ ಅತಿಮಾನುಷ ಶಕ್ತಿ. ಒಬ್ಬ ದರ್ಜಿ ಜೈಸನ್, ಇನ್ನೊಬ್ಬ ಊರವರೆಲ್ಲ ಹುಚ್ಚನೆಂದು ಹೀಯಾಳಿಸುವ ಶಿಬು. ಜೈಸನ್‌ನ ಪ್ರೇಮ ಆರಂಭದಲ್ಲೇ ಮುರಿದುಬೀಳುತ್ತದೆ, ಚಿತ್ರ ಅದನ್ನು ಅಲ್ಲಿಗೇ ಬಿಡುತ್ತದೆ. ನಿಜವಾದ ಪ್ರೇಮ ಖಳನದು. ಶಿಬು ಬಾಲ್ಯದಿಂದ ಉಷಾಳನ್ನು ಪ್ರೀತಿಸಿದವನು. ಬೇರೆಯವನ ಜೊತೆ ಹೋಗಿ, ಕಾಯಿಲೆಯ ಮಗಳೊಂದಿಗೆ ಊರಿಗೆ ಮರಳಿದವಳಿಗಾಗಿ ಅವನು ದರೋಡೆಗೂ ಇಳಿಯುತ್ತಾನೆ. ಕೊನೆಗೂ ಅವಳು ಅವನನ್ನು ಒಪ್ಪಿದಾಗ, ಶಿಬು ಪಾತ್ರದ ಗುರು ಸೋಮಸುಂದರಂ ಅವರ ಮುಖ ನೋಡಬೇಕು. ಅಳು, ನಗು, ನಂಬಲಾರದ ಸಂತೋಷ ಎಲ್ಲ ಒಟ್ಟಿಗೆ ಉಕ್ಕುತ್ತವೆ. ಆಮೇಲೆ ಊರವರು ಹಚ್ಚಿದ ಬೆಂಕಿಯಲ್ಲಿ ಅವಳನ್ನು ಕಳೆದುಕೊಂಡವನು ಊರಿಗೇ ಬೆಂಕಿಯಾಗುತ್ತಾನೆ. ಅಂಥ ಖಳ ನಮ್ಮ ದೇಶದ ಈ ಬಗೆಯ ಚಿತ್ರಗಳಲ್ಲಿ ನಾನು ಬೇರೆ ನೋಡಿಲ್ಲ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಅವನ ಬಲವೇ, ಅವನ ಒಲವೇ? ನೀವೇ ಹೇಳಿ.

ಹಾಗೆಂದು ಪ್ರತಿ ಗಟ್ಟಿ ನಾಯಕನಿಗೂ ಒಬ್ಬ ಪ್ರೇಯಸಿ ಇರಲೇಬೇಕೆಂದು ನಾನು ವಾದಿಸುತ್ತಿಲ್ಲ. ನಮ್ಮ ಹನುಮಂತ ಬ್ರಹ್ಮಚಾರಿ. 2017ರ 'ಲೋಗನ್' ಚಿತ್ರದಲ್ಲಿ ವುಲ್ವರಿನ್‌ಗೆ ಪ್ರೇಮದ ಎಳೆಯಿಲ್ಲ. ಮುದುಕನಾದ ಗುರುವೊಬ್ಬ, ಲಾರಾ ಎಂಬ ಪುಟ್ಟ ಹುಡುಗಿಯೊಬ್ಬಳು, ಅಷ್ಟೇ. 2019ರ 'ಕ್ಯಾಪ್ಟನ್ ಮಾರ್ವೆಲ್' ಗೆಳತಿಯರಿಬ್ಬರ ಸ್ನೇಹದ ಮೇಲೆ ನಿಂತ ಚಿತ್ರ. ಎರಡರಲ್ಲೂ ಪ್ರೇಮದ ಕೊರತೆ ಕಾಣುವುದಿಲ್ಲ, ಏಕೆಂದರೆ ನಾಯಕನಿಗೆ ನೋಯುವ ಜಾಗವೊಂದನ್ನು ಕತೆ ಬೇರೆ ಕಡೆ ಇಟ್ಟಿದೆ. ಉಕ್ಕಿನ ಮೈಯವನಿಗೆ ಎಲ್ಲೋ ಒಂದು ಕಡೆ ನೋಯಲೇಬೇಕು. ಇಲ್ಲದಿದ್ದರೆ ಅವನ ಹೊಡೆದಾಟವನ್ನು ನಾವು ಕಲ್ಲು ಕಲ್ಲು ಗುದ್ದಿದಂತೆ ನೋಡುತ್ತೇವೆ.

2021ರ ಸ್ಪೈಡರ್‌ಮ್ಯಾನ್ ಚಿತ್ರದ ಕೊನೆಯನ್ನು ಹೇಳಿ ಮುಂದೆ ಹೋಗುತ್ತೇನೆ. ಲೋಕ ಉಳಿಯಬೇಕಾದರೆ ಪೀಟರ್ ಯಾರೆಂಬುದನ್ನು ಎಲ್ಲರೂ ಮರೆಯಬೇಕು, ಅವನ ಪ್ರೇಯಸಿ ಎಂ.ಜೆ. ಕೂಡ. ಮರೆಸುವ ಮೊದಲು ಅವನು ಅವಳಿಗೆ ಹೇಳುತ್ತಾನೆ, ಹುಡುಕಿಕೊಂಡು ಬಂದು ಎಲ್ಲ ತಿಳಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಆಮೇಲೆ ಅವಳು ಕೆಲಸ ಮಾಡುವ ಅಂಗಡಿಗೆ ಬರುತ್ತಾನೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದಾನೆ. ಅವಳ ಹಣೆಯ ಗಾಯದ ಮೇಲಿನ ಪಟ್ಟಿ ನೋಡುತ್ತಾನೆ. ಕಾಫಿ ತೆಗೆದುಕೊಂಡು, ಏನೂ ಹೇಳದೆ ಹೊರಟುಬಿಡುತ್ತಾನೆ. ನನ್ನ ಪಕ್ಕ ಕೂತಿದ್ದ ಹುಡುಗ ಆ ದೃಶ್ಯವನ್ನು ಓಡಿಸಲಿಲ್ಲ. ಮುಗಿದ ಮೇಲೆ, "ಅವಳಿಗೆ ಹೇಳ್ಬೇಕಿತ್ತಲ್ವಾ ದೊಡ್ಡಮ್ಮ?" ಎಂದ. ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಅವಳು ಕಾಯುತ್ತಿದ್ದಾಳೆಂದು ಅವಳಿಗೇ ಗೊತ್ತಿಲ್ಲದಂತೆ ಮಾಡಿ ಹೋದ ಅವನು ಎಷ್ಟೇ ತ್ಯಾಗಿಯಾದರೂ, 1980ರ ಆ ಮುತ್ತಿನ ತಪ್ಪನ್ನೇ ಮತ್ತೆ ಮಾಡಿದ.

ಆದರೆ ಕತೆಗಾರರು ಕಲಿಯುತ್ತಿದ್ದಾರೆ. 2025ರಲ್ಲಿ ಜೇಮ್ಸ್ ಗನ್ ಹೊಸ 'ಸೂಪರ್‌ಮ್ಯಾನ್' ತೆಗೆದರು. ಅದರಲ್ಲಿ ಲೋಯಿಸ್‌ಗೆ ಮೊದಲಿನಿಂದಲೂ ಗುಟ್ಟು ಗೊತ್ತು. ಅವಳ ಮನೆಯಲ್ಲಿ, ಅಡುಗೆಯ ನಡುವೆ, ಅವನನ್ನು ಎದುರು ಕೂರಿಸಿಕೊಂಡು ಪತ್ರಕರ್ತೆಯಾಗಿ ಸಂದರ್ಶನ ಮಾಡುತ್ತಾಳೆ. ಒಂದು ದೇಶ ಇನ್ನೊಂದರ ಮೇಲೆ ನುಗ್ಗುವುದನ್ನು ತಡೆಯಲು ನೀನು ಯಾರ ಅಪ್ಪಣೆ ಪಡೆದೆ, ಮುಂದೇನಾಗುತ್ತದೆಂದು ಯೋಚಿಸಿದೆಯಾ ಎಂದು ಸಾಣೆ ಹಿಡಿದ ಪ್ರಶ್ನೆಗಳು. ಅವನಿಗೆ ಸಿಟ್ಟು ಬರುತ್ತದೆ, ದನಿ ಏರುತ್ತದೆ, ಎದ್ದು ಹೋಗುತ್ತಾನೆ. ಹೊಡೆದಾಟವಿಲ್ಲದ, ಹಾರಾಟವಿಲ್ಲದ ಆ ದೀರ್ಘ ದೃಶ್ಯದಲ್ಲಿ ಅವನು ಎಂಥವನೆಂಬುದು ನಮಗೆ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ಮುಂದೆ ಅವನು ಸೆರೆಯಲ್ಲಿದ್ದಾಗ ಬಿಡಿಸಲು ಹೊರಡುವವಳೂ ಲೋಯಿಸ್‌ಳೇ.

ಲೋಯಿಸ್‌ಳ ಈ ದಿಟ್ಟತನವನ್ನು ಹೊಸತೆಂದು ಕೆಲವರು ಹೊಗಳಿದರು. ಆದರೆ ಸೂಪರ್‌ಮ್ಯಾನ್ ಮೊದಲು ಅಚ್ಚಾದದ್ದು 1938ರಲ್ಲಿ, ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ. ಜೆರ್ರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರ ಬಿಡಿಸಿದ ಆ ಸಂಚಿಕೆಯಲ್ಲೇ ಲೋಯಿಸ್ ಕೂಡ ಇದ್ದಾಳೆ. ಕ್ಲಾರ್ಕ್ ಕೆಂಟ್ ಅವಳನ್ನು ನೃತ್ಯಕ್ಕೆ ಕರೆದುಕೊಂಡು ಹೋಗಿರುತ್ತಾನೆ. ಒಬ್ಬ ಪುಂಡ ನಡುವೆ ಬಂದು ಬಲವಂತ ಮಾಡುತ್ತಾನೆ. ಲೋಕದ ಅತಿ ಬಲಶಾಲಿ ಗುಟ್ಟು ಬಿಡಬಾರದೆಂದು ಹೇಡಿಯಂತೆ ನಟಿಸುತ್ತ ಸುಮ್ಮನೆ ನಿಲ್ಲುತ್ತಾನೆ. ಆ ಪುಂಡನ ಕೆನ್ನೆಗೆ ಬಾರಿಸುವವಳು ಲೋಯಿಸ್.